ಹೊಸ ನೆಲದ ಮೊದಲ ಮಳೆ

ನಮ್ಮ ಊರು ಅಂಚಿನಲ್ಲಿ ಬೆಳೆಯುವುದಿಲ್ಲ, ನಡುವೆ ಬೆಳೆಯುತ್ತದೆ. ಬೇರೆ ಊರುಗಳಲ್ಲಿ ಹೊಲ ಅಳೆದು, ಕಲ್ಲು ನೆಟ್ಟು, ರಸ್ತೆ ಎಳೆದು ಬಡಾವಣೆ ಮಾಡುತ್ತಾರಂತೆ. ನಮ್ಮಲ್ಲಿ ಆ ತಾಪತ್ರಯ ಇಲ್ಲ. ಮಲಗುವಾಗ ಅಕ್ಕಪಕ್ಕ ಇದ್ದ ಎರಡು ಮನೆಗಳ ಮಧ್ಯೆ ಏಳುವ ಹೊತ್ತಿಗೆ ಒಂದು ಬಡಾವಣೆ ಬಂದು ಕೂತಿರುತ್ತದೆ. ಟಾರು ರಸ್ತೆ, ಕಂಬ, ಚರಂಡಿ, ನಂಬರು ಬರೆದ ಸೈಟುಗಲ್ಲು, ಎಲ್ಲವೂ ತಯಾರು. ಅದರ ಜೊತೆಗೆ ಒಂದು ಹಾಳುಬಾವಿಯೋ, ಮೂಗು ಸವೆದ ವೀರಗಲ್ಲೋ, ಕಟ್ಟೆ ಕಟ್ಟಿದ ಅರಳಿಮರವೋ ಬಂದೇ ಬರುತ್ತದೆ. ಹಾಗಾಗಿ ನಮ್ಮ ಊರು ಬೆಳೆದಷ್ಟೂ ಹಳೆಯದಾಗುತ್ತದೆ. ನಾನು ಮದುವೆಯಾಗಿ ಬಂದಾಗ ಇದಕ್ಕೆ ನೂರು ವರ್ಷದ ಇತಿಹಾಸ ಎನ್ನುತ್ತಿದ್ದರು. ಈಗ ಶಾಲೆಯ ಮಕ್ಕಳು ಯಾವುದೋ ರಾಜನ ಕಾಲದಿಂದ ಶುರುಮಾಡಿ ಉಸಿರು ಬಿಡದೆ ಒಪ್ಪಿಸುತ್ತಾರೆ.

‘ಹವಾಗುಣ ಹಿತಕರ’ ಎಂದು ಅದೇ ಪಾಠದಲ್ಲಿದೆ. ಬರೆದವರು ಹೊಸ ನೆಲದ ಮೇಲೆ ಕಾಲಿಟ್ಟವರಲ್ಲ. ಅಲ್ಲಿ ಬಿಸಿಲಿರುತ್ತದೆ, ಕಾವಿರುವುದಿಲ್ಲ. ಮರ ಇರುತ್ತದೆ, ಎಲೆ ಅಲ್ಲಾಡುವುದಿಲ್ಲ. ಬೀದಿನಾಯಿ ಕೂಡ ಅದರ ಅಂಚಿಗೆ ಬಂದು ಬಾಲ ಮುದುರಿಕೊಂಡು ವಾಪಸ್ಸಾಗುತ್ತದೆ. ಮೊದಲ ಮಳೆ ಬೀಳುವ ತನಕ ಹಾಗೇ. ಮಳೆ ಬಿತ್ತೆಂದರೆ ನೆಲ ಪಕ್ಕಾ ಆಯಿತು. ಗಾಳಿ ಬೀಸುತ್ತದೆ, ಕಾಗೆ ಬರುತ್ತದೆ, ಜನ ಬಂದು ಪಾಯ ತೋಡುತ್ತಾರೆ. ಆ ನೆಲ ತಾತನ ಕಾಲದಿಂದಲೂ ಅಲ್ಲೇ ಇತ್ತು ಎಂದು ಎರಡೂ ಕಡೆಯವರು ನೆನಪಿಸಿಕೊಳ್ಳಲು ಶುರುಮಾಡುತ್ತಾರೆ. ಆಚೆ ಉಳಿದದ್ದು ಆಚೆಯವರದ್ದು, ಈಚೆ ಉಳಿದದ್ದು ಈಚೆಯವರದ್ದು. ಮರೆತದ್ದು ಏನೆಂದು ಮರೆತವರಿಗೆ ಗೊತ್ತಾಗುವುದಿಲ್ಲ. ಆದರೂ ಅಲ್ಲಿ ಇಲ್ಲಿ ಚೂರುಪಾರು ಉಳಿದುಬಿಡುತ್ತದೆ. ನಮ್ಮ ಎದುರುಮನೆಯ ಜವರಮ್ಮಜ್ಜಿ ಒಂಟಿ ಜೀವ. ದಿನಾ ಬೆಳಿಗ್ಗೆ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಾಳೆ. ಒಂದನ್ನು ಕುಡಿಯುತ್ತಾಳೆ, ಇನ್ನೊಂದು ಆರಿದ ಮೇಲೆ ಗಿಡಕ್ಕೆ ಹಾಕುತ್ತಾಳೆ. ಯಾರಿಗಜ್ಜಿ ಅದು ಅಂದರೆ, “ನಂಗೊತ್ತಿದ್ರೆ ಅವ್ರಿಗೇ ಕೊಡ್ತಿರ್ಲಿಲ್ವೇನವ್ವ?” ಎನ್ನುತ್ತಾಳೆ.

ಇನ್ನೊಂದು ಮಾತಿದೆ. ಮೊದಲ ಮಳೆ ಬೀಳುವಾಗ ಹೊಸ ನೆಲದ ಮೇಲೆ ನಿಂತು ಏನು ಆಡುತ್ತೇವೋ ಅದು ನಿಜವಾಗಿ ಕೂತುಬಿಡುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರದ ಸೈಟ್ ಬ್ರೋಕರ್ ಒಬ್ಬ ಛತ್ರಿ ಹಿಡಿದು ಹೋಗಿ, “ಇದು ನಮ್ಮ ತಾತ ಸತ್ತ ಜಾಗ” ಎಂದು ಕೂಗಿದ್ದನಂತೆ. ತಾತನ ಜಾಗ ಎಂದಿದ್ದರೆ ಸಾಕಿತ್ತು. ಮಳೆ ನಿಂತ ಮೇಲೆ ಅಲ್ಲಿ ತಾತನ ಗೋರಿ ಇತ್ತು. ಊರಿನಲ್ಲಿ ದಿನಾ ಎಲೆಅಡಿಕೆ ಹಾಕಿಕೊಂಡು ಓಡಾಡುತ್ತಿದ್ದ ಮುದುಕ ಮಾತ್ರ ಇರಲಿಲ್ಲ. ಅವನಿದ್ದದ್ದು ಮೊಮ್ಮಗನಿಗೂ ನೆನಪಿರಲಿಲ್ಲ, ಎರಡು ಬೀದಿ ಆಚೆಯ ಎಲೆ ಮಾರುವವಳಿಗೆ ನೆನಪಿತ್ತು. ಅಲ್ಲಿಂದೀಚೆಗೆ ನಗರಸಭೆಯವರು ಹೊಸ ನೆಲದ ಅಂಚಿನಲ್ಲಿ ‘ಮಳೆ ಬೀಳುವಾಗ ಮಾತನಾಡಬಾರದು’ ಎಂದು ಬೋರ್ಡು ನೆಡುತ್ತಾರೆ. ಊರಬಾಗಿಲಲ್ಲಿ ‘ಬೆಳೆಯುತ್ತಿರುವ ನಗರಕ್ಕೆ ಸುಸ್ವಾಗತ’ ಎಂದು ಬರೆಸಿದವರೂ ಅವರೇ.

ನಡುವೆ ನೆಲ ಹುಟ್ಟದ ಹಾಗೆ ನೋಡಿಕೊಳ್ಳುವುದಕ್ಕೆ ನಮ್ಮಲ್ಲಿ ಹೊಸಿಲು ಮುಟ್ಟುವ ಪದ್ಧತಿ ಇದೆ. ಬೆಳಿಗ್ಗೆ ರಂಗೋಲಿ ಬಿಟ್ಟ ಕೂಡಲೇ ಮನೆಯ ಯಜಮಾನಿ ಬಲಗಡೆಯ ಮನೆಗೆ ಹೋಗಿ, ಅವರ ಹೊಸಿಲಿಗೆ ಕೈ ಮುಟ್ಟಿಸಿ ಬರಬೇಕು. ಮಕ್ಕಳು ಹಗಲೆಲ್ಲ ಓಡಾಡಿದರೂ ಲೆಕ್ಕಕ್ಕಿಲ್ಲ, ಯಜಮಾನಿಯೇ ಹೋಗಬೇಕು. ಜ್ವರ ಇರಲಿ, ಜಗಳ ಇರಲಿ, ಹೋಗುತ್ತೇವೆ. ಮೂತಿ ತಿರುಗಿಸಿಕೊಂಡು ಮುಟ್ಟಿದರೂ ಮುಟ್ಟಿದ ಹಾಗೇ. ಸಾವಿನ ಸೂತಕ ಬಂದ ಮನೆಯವರು ಮಾತ್ರ ಬೇರೆಯವರ ಹೊಸಿಲು ಮುಟ್ಟುವ ಹಾಗಿಲ್ಲ. ಆಗ ಪಕ್ಕದ ಮನೆಯವಳೇ ಬಂದು ಇವರ ಪಾಲಿನದನ್ನೂ ಮುಗಿಸಿ ಹೋಗುತ್ತಾಳೆ.

ನನ್ನ ಹೆಸರು ಇಂದ್ರಾಣಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ ಹಾಕಿಕೊಂಡಿದ್ದೇನೆ. ಬೀದಿಯ ಹೆಂಗಸರ ಸುತ್ತಳತೆ ಎಲ್ಲ ನನಗೆ ಬಾಯಿಪಾಠ, ಯಾರು ಊದಿದರು, ಯಾರು ಸೊರಗಿದರು ಎಂದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನಮ್ಮ ಬಲಗಡೆಯ ಮನೆ ನನ್ನ ವಾರಗಿತ್ತಿ ಸುಗುಣನದ್ದು. ಅವಳ ಗಂಡ ಚೆಲುವರಾಜು ನನ್ನ ಮೈದುನ, ಬಸ್ಸು ಓಡಿಸುತ್ತಾನೆ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಸಂದಿ, ಸ್ವಲ್ಪ ದಪ್ಪಗಿರುವವರು ಅಡ್ಡ ತಿರುಗಿ ಹೋಗಬೇಕಾದಷ್ಟು. ಸುಗುಣನಿಗೆ ಮಕ್ಕಳಾಗಲಿಲ್ಲ. ನನಗೆ ಹಂಸ ಒಬ್ಬಳೇ ಮಗಳು. ಹುಟ್ಟುವಾಗ ಅಡ್ಡ ತಿರುಗಿ ನನ್ನ ಹೊಟ್ಟೆ ಕೊಯ್ಸಿ ಬಂದವಳು. ಎದೆಹಾಲು ಬಿಟ್ಟ ಮೇಲೆ ಅವಳು ನಮ್ಮ ಮನೆಯಲ್ಲಿ ಉಂಡದ್ದಕ್ಕಿಂತ ಚಿಕ್ಕಮ್ಮನ ಮನೆಯಲ್ಲಿ ಉಂಡದ್ದೇ ಹೆಚ್ಚು. “ಚಿಕ್ಕಮ್ಮನ ಸಾರು ಚೆನ್ನಾಗಿರುತ್ತೆ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಇಲ್ಲ ಎಂದರೆ ಸುಳ್ಳಾದೀತು.

ಹಂಸ ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮತ್ತೆ ತೀರಿಕೊಂಡರು. ಹೆಣದ ಮುಂದೆಯೇ ನನಗೂ ಸುಗುಣನಿಗೂ ಮಾತು ಹತ್ತಿತು. ಅತ್ತೆಗೆ ಹಸಿರು ಸೀರೆ ಉಡಿಸಬೇಕು ಎಂದು ನಾನು, ಅವರಿಗೆ ಇಷ್ಟವಾದದ್ದು ನೇರಳೆ ಬಣ್ಣ ಎಂದು ಅವಳು. ಕೊನೆಗೆ ಹಸಿರನ್ನೇ ಉಡಿಸಿದೆವು. ಅವಳು ಮುಖ ಗಂಟು ಹಾಕಿಕೊಂಡು ಹೋದಳು. ಎರಡೂ ಮನೆಗೆ ಸೂತಕ. ಒಂದೇ ರಕ್ತದ ಸೂತಕ, ಅವಳಿಗೇನು ಅಡ್ಡಿ, ಕಿರಿಯವಳು, ಬಂದು ಮುಟ್ಟಿ ಹೋಗಿರುತ್ತಾಳೆ ಎಂದು ನಾನು ಸುಮ್ಮನಿದ್ದೆ. ಸಾವಾದದ್ದು ಹಿರಿಯವರ ಮನೆಯಲ್ಲಿ, ಅಕ್ಕ ಬಂದು ಹೇಳಲಿ ಎಂದು ಅವಳು ಸುಮ್ಮನಿದ್ದಳು. ಬೀದಿಯವರು ನಮ್ಮ ಎಡಗಡೆಯದ್ದನ್ನೂ ಅವಳ ಬಲಗಡೆಯದ್ದನ್ನೂ ಮುಟ್ಟಿ ನೋಡಿಕೊಂಡರು. ನಮ್ಮಿಬ್ಬರ ನಡುವಿನದ್ದು ಮನೆಯೊಳಗಿನ ವಿಷಯ ಎಂದು ಬಿಟ್ಟರು. ಯಾರೂ ಮುಟ್ಟಲಿಲ್ಲ.

ಸೂತಕ ಕಳೆಯುವುದಕ್ಕೆ ಇನ್ನೂ ಸ್ವಲ್ಪ ದಿನ ಇತ್ತು. ಹಂಸನಿಗೆ ಶಾಲೆಯಲ್ಲಿ ‘ನಮ್ಮ ಊರು’ ಪಾಠ ಒಪ್ಪಿಸುವುದಿತ್ತು. ಚಿಕ್ಕಮ್ಮ ಹೇಳಿಕೊಡುತ್ತಾಳೆ ಎಂದು ಹಿಂದಿನ ಸಂಜೆಯೇ ಹೋಗಿ ಅಲ್ಲೇ ಮಲಗಿದ್ದಳು. ಬೆಳಿಗ್ಗೆ ಯೂನಿಫಾರಂ ಹಿಡಿದುಕೊಂಡು ಅವಳನ್ನು ಕರೆಯಲು ಸಂದಿಯ ಕಡೆಯ ನಮ್ಮ ಪಕ್ಕದ ಬಾಗಿಲು ತೆಗೆದೆ. ಸಂದಿ ಇರಲಿಲ್ಲ.

ಬಾಗಿಲಿನ ಮುಂದೆಯೇ ಟಾರು ರಸ್ತೆ ಶುರುವಾಗಿತ್ತು. ಎರಡೂ ಕಡೆ ತಂತಿಯಿಲ್ಲದ ಕಂಬಗಳು, ಸೈಟುಗಲ್ಲುಗಳು, ಒಂದು ಹುಲ್ಲುಕಡ್ಡಿ ಇಲ್ಲದ ಕೆಂಪು ಮಣ್ಣು. ನಟ್ಟನಡುವೆ ಒಂದು ಅರಳಿಮರ, ತಲೆತಲಾಂತರದಿಂದ ಜನ ಕೂತು ಸವೆಸಿದಂಥ ಕಲ್ಲಿನ ಕಟ್ಟೆ. ಸುಗುಣನ ಮನೆ ಅದರಾಚೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಕೂಗಿದೆ. ದನಿ ಹೋದದ್ದು ಗೊತ್ತಾಯಿತು, ಎಲ್ಲಿಯೂ ತಾಗಿ ಬರಲಿಲ್ಲ. ಫೋನು ಮಾಡಿದರೆ, ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಂಗಸು ತಣ್ಣಗೆ ಹೇಳಿದಳು. ನಿನ್ನೆ ಆ ಫೋನಿನ ರಿಂಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ಬೀದಿಯವರು ಬಂದು ನೋಡಿ ಹೋದರು. ಯಾರೂ ಕಾಲಿಡಲಿಲ್ಲ. “ನಿಮ್ದು ಕಾರ್ನರ್ ಆಯ್ತಲ್ಲ ಇಂದ್ರಾಣಿ, ಅದೃಷ್ಟ!” ಎಂದಳು ಹಿಟ್ಟಿನ ಗಿರಣಿಯವಳು. ಅವಳ ಬಾಯಿಗೆ ಅವಳ ಗಿರಣಿಯ ಹಿಟ್ಟನ್ನೇ ತುರುಕಬೇಕೆನಿಸಿತು. ಜವರಮ್ಮಜ್ಜಿ ಕೋಲೂರಿಕೊಂಡು ಬಂದವಳು ನೆಲ ನೋಡಲಿಲ್ಲ, ಮೇಲೆ ನೋಡಿದಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

“ಆ ಕಡೆ ಏನಾರ ಉಳ್ದೈತಾ?” ಎಂದಳು.

“ಹಂಸ ಅಲ್ಲೇ ಇದಾಳೆ ಕಣಜ್ಜಿ.”

ಅಜ್ಜಿ ನನ್ನ ಕೈ ಹಿಡಿದುಕೊಂಡಳು. “ಹಂಗಾರೆ ನಿಂತ್ಕೋಬ್ಯಾಡ, ಹೊರಡು. ಮರದ ತನ್ಕ ಹೋಗು, ಅದರಾಚೆಗೆ ಒಂದ್ ಹೆಜ್ಜೆನೂ ಇಡಬ್ಯಾಡ. ಅವ್ಳು ಆ ಕಡೆಯಿಂದ ಬರ್ಬೇಕು. ಇಬ್ರೂ ಅಲ್ಲಿ ಕೈ ಮುಟ್ಟುದ್ರೆ ನೆಲ ಮುಚ್ಕತದೆ. ನೀನೊಬ್ಳೇ ದಾಟ್ಕೊಂಡು ಹೋದ್ರೆ ದೂರದಿಂದ ಬಂದ ನೆಂಟ್ರಾಯ್ತೀಯ, ಅಷ್ಟೇಯ.”

“ಅವಳು ಬರದೇ ಹೋದ್ರೆ?”

“ಬರೋ ಹಂಗೆ ಕರಿ. ಹನಿ ಬೀಳೋಕ್ ಮುಂಚೆ ಕರಿ. ಹನಿ ಬಿದ್ಮೇಲೆ ಬಾಯಲ್ಲಿ ಏನ್ ಬತ್ತದೆ ನೋಡ್ಕೊಂಡು ಆಡು.”

ಗಂಡನನ್ನು ಜೊತೆಗೆ ಕರೆದುಕೊಂಡು ಹೋಗೋಣವೆಂದು ಒಳಗೆ ಓಡಿದೆ. ನನ್ನ ಯಜಮಾನರು ತಿಮ್ಮರಾಜು, ಕರ್ಮ ಹಿಡಿದ ಹಿರಿಮಗ, ಬೋಳುತಲೆಯ ಮೇಲೆ ಟವೆಲು ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು. “ರೀ, ಏಳ್ರೀ, ಹಂಸ ಆ ಕಡೆ ಉಳ್ಕೊಂಡಿದಾಳೆ” ಎಂದೆ.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. “ಚೆಲುವನ ಮಗಳು ಚೆಲುವನ ಮನೇಲಿರದೆ ಇನ್ನೆಲ್ಲಿರ್ತಾಳೆ?” ಎಂದರು. ಸುಸ್ತಾದ, ಸಮಾಧಾನದ ದನಿ. ತಮಾಷೆಯ ಲವಲೇಶವೂ ಇರಲಿಲ್ಲ.

ಮಳೆ ಇನ್ನೂ ಬಿದ್ದಿರಲಿಲ್ಲ, ಬರೀ ಮೋಡಕ್ಕೇ ಇವರಿಗೆ ಹೀಗಾಗಿತ್ತು. ನನ್ನ ಸರದಿ ಯಾವಾಗ? ನನಗದು ಬಂದದ್ದು ಗೊತ್ತಾಗುವುದಾದರೂ ಹೇಗೆ? ಯೂನಿಫಾರಂ ಕೈಯಲ್ಲೇ ಇತ್ತು. ಅದರ ಕಾಲರಿಗೆ ನಾನೇ ಹಾಕಿದ ಕೈಹೊಲಿಗೆ ಇತ್ತು. ಅದನ್ನು ಬೆರಳಲ್ಲಿ ಉಜ್ಜುತ್ತಾ, ಹಂಸ ನನ್ನ ಮಗಳು, ಹಂಸ ನನ್ನ ಮಗಳು ಎಂದುಕೊಳ್ಳುತ್ತಾ ಆ ರಸ್ತೆಗೆ ಇಳಿದೆ.

ಅಂಥ ಭಯವನ್ನು ನಾನು ಮತ್ತೆ ಕಂಡಿಲ್ಲ, ಕಾಣುವುದೂ ಬೇಡ. ನಾನು ಹೆಜ್ಜೆ ಇಟ್ಟಮೇಲೆ ಸ್ವಲ್ಪ ತಡೆದು ಹೆಜ್ಜೆಯ ಸದ್ದು ಬರುತ್ತಿತ್ತು. ಬಿಸಿಲು ಕಣ್ಣು ಕುಕ್ಕುತ್ತಿತ್ತು, ಮೈ ಮಾತ್ರ ತಣ್ಣಗೆ ನಡುಗುತ್ತಿತ್ತು. ಕಂಬಗಳಿಗೆ ನೆರಳಿತ್ತು, ನನಗಿರಲಿಲ್ಲ. ಒಂದು ಸೈಟಿನಲ್ಲಿ ಬರೀ ಮೆಟ್ಟಿಲು ಇದ್ದವು, ಮನೆಯಿರಲಿಲ್ಲ. ಮೆಟ್ಟಿಲ ಮೇಲೆ ಯಾರೋ ಬಿಟ್ಟ ರಂಗೋಲಿ ಅಳಿಸಿತ್ತು. ಇನ್ನೂ ಯಾರೂ ಬದುಕದ ಜಾಗದಲ್ಲಿ ಬದುಕಿ ಹೋದವರ ಗುರುತು ಇತ್ತು. ತಿರುಗಿ ಓಡಿಹೋಗಬೇಕೆನಿಸಿತು. ಹಿಂದೆ ನೋಡಿದರೆ ನಮ್ಮ ಮನೆಯೂ ಬೆಂಕಿಪೊಟ್ಟಣವಾಗಿತ್ತು. ಯಾರ ಮನೆ ಅದು ಎಂದು ಒಂದು ಗಳಿಗೆ ಯೋಚಿಸಬೇಕಾಯಿತು. ಆಮೇಲೆ ನಾನು ಹಿಂದೆ ನೋಡಲಿಲ್ಲ.

ಮರದ ಕಟ್ಟೆ ಹತ್ತಿ ನಿಂತೆ. ಅಲ್ಲಿಂದ ಆ ಕಡೆ ಚೆನ್ನಾಗಿ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಸುಗುಣ ತನ್ನ ಪಕ್ಕದ ಬಾಗಿಲಿನ ಹೊಸಿಲ ಮೇಲೆ ಕೂತಿದ್ದಳು. ಹಂಸ ಅವಳ ಮೊಣಕಾಲಿನ ನಡುವೆ ಕೂತು ತಲೆ ಬಾಚಿಸಿಕೊಳ್ಳುತ್ತಾ ಪಾಠ ಒಪ್ಪಿಸುತ್ತಿದ್ದಳು. ‘ನಮ್ಮ ಊರಿನ ಮಧ್ಯದಲ್ಲಿ ಪುರಾತನವಾದ ಅರಳಿಕಟ್ಟೆ ಇದೆ.’ ನಿನ್ನೆಯ ಪಾಠದಲ್ಲಿ ಆ ಸಾಲು ಇರಲಿಲ್ಲ.

“ಹಂಸಾ!” ಎಂದೆ.

ಅವಳು ತಲೆಯೆತ್ತಿದಳು. ಮುಖ ಅರಳಿತು. ಕೈ ಬೀಸಿದಳು. “ಅಮ್ಮಾ, ದೊಡ್ಡಮ್ಮ ಬಂದಿದಾರೆ ನೋಡು!” ಎಂದು ಸುಗುಣನಿಗೆ ಹೇಳಿದಳು.

ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಸುಗುಣ ಜಡೆಗೆ ಟೇಪು ಕಟ್ಟುತ್ತಿದ್ದ ಕೈ ನಿಲ್ಲಿಸಿದಳು. ನನ್ನತ್ತ ನೋಡಲಿಲ್ಲ, ಟೇಪನ್ನು ನೋಡುತ್ತಿದ್ದಳು. ಅವಳ ಕೈ ನಡುಗುವುದು ನನಗೆ ಅಷ್ಟು ದೂರದಿಂದಲೂ ಕಂಡಿತು. ಮರೆತವರ ಕೈ ನಡುಗುವುದಿಲ್ಲ. ಇವಳಿಗೆ ಎಲ್ಲ ನೆನಪಿತ್ತು.

“ಸುಗುಣಾ, ಮೇಲೆ ನೋಡೇ! ಮಳೆ ಬರೋ ಹಂಗಿದೆ, ಬೇಗ ಬಾರೇ!”

“ನೀವೇ ಬನ್ನಿ ಅಕ್ಕ” ಎಂದಳು. ದನಿ ಒಣಗಿತ್ತು. “ಅಷ್ಟು ದೂರದಿಂದ ಬಂದಿದೀರ. ಕೈಕಾಲು ತೊಳ್ಕೊಂಡು ಕಾಫಿ ಕುಡಿದು ಹೋಗಿ.”

ನಾನು ದಾಟಿ ಹೋದರೆ ನೆಂಟಳು. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಕದಿಯಬೇಕಾಗಿರಲಿಲ್ಲ, ಸುಳ್ಳು ಹೇಳಬೇಕಾಗಿರಲಿಲ್ಲ. ಹೊಸಿಲ ಮೇಲೆ ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ನಾನು ಬೈದೆ. ಬಂಜೆ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅತ್ತೆಯ ಸೀರೆಯ ವಿಷಯ ಎತ್ತಿ, “ನೇರಳೇನೇ ಉಡಿಸಬೇಕಿತ್ತು ಕಣೆ, ನಂದೇ ತಪ್ಪು” ಎಂದು ಅಳುತ್ತಾ ಹೇಳಿದೆ. ಅವಳೂ ಅಳುತ್ತಿದ್ದಳು. ಆದರೂ ಏಳಲಿಲ್ಲ. ಅವಳ ಎರಡೂ ಕೈ ಹಂಸನ ಹೆಗಲ ಮೇಲಿದ್ದವು.

ಗುಡುಗಿತು. ಬಿಸಿಲು ದೀಪ ಆರಿಸಿದ ಹಾಗೆ ಹೋಯಿತು. ನನ್ನ ಕೈಯಲ್ಲಿದ್ದ ಯೂನಿಫಾರಂ ನೋಡಿಕೊಂಡೆ. ಇದು ಯಾರದ್ದು, ಯಾರೋ ಹೊಲಿಯಲು ಕೊಟ್ಟದ್ದಿರಬೇಕು ಎಂಬ ಯೋಚನೆ ತಾನಾಗಿ ಬಂತು. ಬಂದದ್ದು ಗೊತ್ತಾಗಿ ಕಾಲರಿನ ಕೈಹೊಲಿಗೆಯನ್ನು ಹುಡುಕಿ ಹಿಡಿದುಕೊಂಡೆ. ಇನ್ನು ಅರೆಗಳಿಗೆ ತಡೆದರೆ ನಾನೇ ಎದ್ದು, ಆ ಮನೆಗೆ ಹೋಗಿ, ಕಾಫಿ ಕುಡಿದು, ಮಗುವಿನ ಕೆನ್ನೆ ಸವರಿ ಬರುತ್ತಿದ್ದೆ.

“ಅವಳು ನಿನ್ನ ಮಗಳೂ ಹೌದು ಕಣೇ!” ಎಂದು ಕಿರುಚಿದೆ. “ನಿನ್ನ ಹೊಟ್ಟೇಲಿ ಹುಟ್ಟಿದವಳು ಅಂತಲೇ ತಿಳ್ಕೋ! ನಾನು ಇಲ್ಲ ಅನ್ನಲ್ಲ! ಕರ್ಕೊಂಡು ಬಾರೇ ತಾಯಿ!”

ಆ ಮಾತು ಮುಗಿಯುವುದಕ್ಕೂ ನನ್ನ ಹಣೆಯ ಮೇಲೆ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಸುಗುಣ ಎದ್ದಳು. ಹಂಸನ ಕೈ ಹಿಡಿದು ಕಟ್ಟೆಯ ಕಡೆಗೆ ಓಡಿ ಬಂದಳು. ನಾನು ಕಟ್ಟೆಯ ಅಂಚಿಗೆ ಬಂದು ಕೈ ಚಾಚಿ ನಿಂತೆ. ಅವಳ ಬೆರಳು ನನ್ನ ಬೆರಳಿಗೆ ತಾಗಿದಾಗ, ಲಂಗದ ದಾರ ಎಳೆದರೆ ನೆರಿಗೆ ಒಂದಕ್ಕೊಂದು ಬಂದು ಕೂರುತ್ತದಲ್ಲ, ಹಾಗೆ ರಸ್ತೆ, ಕಂಬ, ಮೆಟ್ಟಿಲು, ಮರ ಎಲ್ಲ ಮುದುರಿಕೊಂಡು ಬಂದವು. ಕಣ್ಣು ಬಿಟ್ಟಾಗ ನಾವು ಮೂವರೂ ನಮ್ಮ ಸಂದಿಯಲ್ಲಿ ಗೋಡೆಗೊತ್ತಿಕೊಂಡು ನಿಂತಿದ್ದೆವು, ಮಳೆ ಧೋ ಎಂದು ಸುರಿಯುತ್ತಿತ್ತು. ಮುಚ್ಚಿಕೊಳ್ಳುವ ಮೊದಲು ಒಂದೆರಡು ಹನಿ ಹೊಸ ನೆಲಕ್ಕೆ ಬಿದ್ದುಬಿಟ್ಟಿದ್ದವು. ಹಾಗಾಗಿ ಸಂದಿ ಈಗ ಮೊದಲಿಗಿಂತ ಒಂದು ಗೇಣು ಅಗಲ, ಅಡ್ಡ ತಿರುಗಬೇಕಾಗಿಲ್ಲ. ಅಷ್ಟೇ ಉಳಿದದ್ದು ಎಂದುಕೊಂಡೆ. ಮಗಳನ್ನು ತಬ್ಬಿಕೊಂಡು, ಸುಗುಣನನ್ನೂ ತಬ್ಬಿಕೊಂಡು, ಎಲ್ಲ ದೇವರಿಗೂ ಹರಕೆ ಹೊತ್ತೆ.

“ಅಮ್ಮ, ಶಾಲೆಗೆ ಹೊತ್ತಾಯ್ತು” ಎಂದಳು ಹಂಸ. ನಾವಿಬ್ಬರೂ “ಹ್ಞೂಂ” ಎಂದೆವು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. “ನಮ್ಮ ಮಗಳನ್ನ ಯಾಕೆ ಮಳೇಲಿ ನೆನೆಸ್ತಿದೀರ?” ಎಂದು ಇಬ್ಬರಿಗೂ ಬೈದರು. ನಮ್ಮ ಮಗಳು ಎಂದದ್ದು ಕೇಳಿ ನನಗೆ ಜೀವ ಬಂತು. ಆ ಮಾತಿನಲ್ಲಿ ಎಷ್ಟು ಜನ ಇದ್ದರು ಎಂದು ಆಗ ಯೋಚಿಸಲಿಲ್ಲ.

ಸೂತಕ ಕಳೆದು, ಮನೆ ತೊಳೆದು, ಎಲ್ಲ ಮಾಮೂಲಿಗೆ ಬಂತು. ಹಂಸ ಇಬ್ಬರನ್ನೂ ಅಮ್ಮ ಎಂದು ಕರೆಯುತ್ತಾಳೆ. ಬೀದಿಯವರು ಯಾರೂ ಅದನ್ನು ವಿಚಿತ್ರ ಎನ್ನುವುದಿಲ್ಲ, ಮೊದಲಿಂದ ಹಾಗೇ ತಾನೆ ಎನ್ನುತ್ತಾರೆ. ಮಗು ಸಿಕ್ಕಿತಲ್ಲ, ಕರೆದರೆ ಕರೆಯಲಿ ಎಂದು ನಾನೂ ಹೊಟ್ಟೆಗೆ ಹಾಕಿಕೊಂಡೆ. ಜವರಮ್ಮಜ್ಜಿ ಮಾತ್ರ ಒಂದು ದಿನ ಕೇಳಿದಳು, “ಹನಿ ಬಿದ್ದಾಗ ಏನಂದ್ಯವ್ವ?” ನಾನು ಏನೂ ಅನ್ನಲಿಲ್ಲ ಎಂದೆ.

ಹಬ್ಬ ಹತ್ತಿರ ಬಂತು. ಸುಗುಣ ಲಂಗ ಹೊಲಿಸಲು ಬಂದಳು. ಅವಳ ಅಳತೆ ನನಗೆ ಗೊತ್ತೇ ಇತ್ತು. ಮದುವೆಯಾಗಿ ಬಂದಾಗಿನಿಂದ ಅವಳ ಬಟ್ಟೆ ನಾನೇ ಹೊಲಿಯುವುದು, ಆ ಮೈಯ ಮೇಲಿನ ಮಚ್ಚೆ ಕೂಡ ನನಗೆ ಪರಿಚಯ. ಆದರೂ ಬಟ್ಟೆ ಬಿಗಿಯಾಗುತ್ತದೆ ಎಂದಳು. ಸೊಂಟಕ್ಕೆ ಟೇಪು ಸುತ್ತಿದೆ. ಒಂದೂವರೆ ಇಂಚು ಹೆಚ್ಚು ಬಂತು. ಸೀರೆ ಸ್ವಲ್ಪ ಕೆಳಗಿಳಿಸಿ ಸರಿಯಾಗಿ ಹಿಡಿದೆ. ಹೊಕ್ಕುಳಿನ ಕೆಳಗೆ ಉದ್ದಕ್ಕೆ ಒಂದು ಹೊಲಿಗೆಯ ಗುರುತಿತ್ತು. ಹಳೆಯದು, ಬೆಳ್ಳಗಾಗಿತ್ತು. ಅಕ್ಕಪಕ್ಕ ಬಸುರಿನ ಬರೆಗಳು.

“ಇದೇನೇ?” ಎಂದೆ.

ಅವಳು ನಕ್ಕಳು. ಎಳ್ಳಷ್ಟೂ ಕಪಟವಿಲ್ಲದ ನಗು. “ಏನಕ್ಕ ಹೊಸದಾಗಿ ನೋಡೋರ ಹಂಗೆ ಕೇಳ್ತೀರ? ಹಂಸ ಹುಟ್ಟಿದಾಗಿಂದು. ಅಡ್ಡ ತಿರುಗಿದ್ಲಲ್ಲ. ಆಪರೇಷನ್ ಆಗೋವರ್ಗೂ ಹೊರಗೆ ಬೆಂಚಿನ ಮೇಲೆ ನೀವೇ ಅಲ್ವಾ ಕೂತಿದ್ದು?”

ನಾನು ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ. ಆದರೆ ನನಗೆ ಆ ಬೆಂಚು ನೆನಪಿಗೆ ಬಂತು. ಅದರ ಒಂದು ಕಾಲು ಗಿಡ್ಡ, ಕೂತರೆ ಅಲ್ಲಾಡುತ್ತಿತ್ತು. ಕೈಯಲ್ಲಿ ಫ್ಲಾಸ್ಕು ಇತ್ತು. ಒಳಗಿಂದ ಮಗು ಅತ್ತದ್ದು ಕೇಳಿ ನಾನು ಎದ್ದು ನಿಂತದ್ದು, ಫ್ಲಾಸ್ಕು ಉರುಳಿದ್ದು, ಎಲ್ಲ ಒಂದೊಂದೇ ಬಂತು. ಒಳಗೆ ಮಲಗಿ ಆ ಅಳುವನ್ನು ಕೇಳಿದ್ದೂ ನನಗೆ ನೆನಪಿದೆ. ಎರಡೂ ನೆನಪಿದೆ.

ಈಗ ದಿನಾ ಬೆಳಿಗ್ಗೆ ನಾನು ಅವಳ ಹೊಸಿಲು ಮುಟ್ಟುತ್ತೇನೆ, ಅವಳೂ ಬಂದು ನಮ್ಮದನ್ನು ಮುಟ್ಟುತ್ತಾಳೆ. ಯಾರೂ ಹೇಳದಿದ್ದರೂ ಎರಡೂ ಕಡೆಯಿಂದ ಮಾಡುತ್ತೇವೆ. ಹಂಸ ಪಾಠ ಒಪ್ಪಿಸುವಾಗ ಹೊಸ ಸಾಲು ಸೇರಿದೆಯೇ ಎಂದು ಕಿವಿಗೊಟ್ಟು ಕೇಳುತ್ತೇನೆ. ಮೋಡ ಕಟ್ಟಿದರೆ ಮೆಷಿನ್ ನಿಲ್ಲಿಸಿ ಅವಳನ್ನು ಹತ್ತಿರ ಕೂರಿಸಿಕೊಳ್ಳುತ್ತೇನೆ. ಮಳೆ ನಿಂತ ಮೇಲೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು, ಸೀರೆ ಸರಿಸಿ ನನ್ನ ಹೊಟ್ಟೆ ನೋಡಿಕೊಳ್ಳುತ್ತೇನೆ. ಹೊಲಿಗೆಯ ಗುರುತು ಇದೆ. ಬೆರಳಿಟ್ಟರೆ ಸಿಗುತ್ತದೆ. ಮೊನ್ನೆಗಿಂತ ಸ್ವಲ್ಪ ತೆಳ್ಳಗಾಗಿದೆ ಅನಿಸಿತು. ಇರಲಾರದು. ನಮ್ಮ ಬಚ್ಚಲಲ್ಲಿ ಬೆಳಕು ಕಡಿಮೆ.